ಟೇಲರಮ್ಮ ಕಟ್ಟಿದ ಬಾವುಟದ ಹಗ್ಗ

ಟೇಲರಮ್ಮ ಹೊಲಿದ ಯೂನಿಫಾರ್ಮು ಯಾವ ಮಗುವಿಗೂ ಮೊದಲ ವರ್ಷ ಸರಿಯಾಗಿ ಕೂರುವುದಿಲ್ಲ. ತೋಳು ಬೆರಳ ತುದಿ ಮುಟ್ಟುತ್ತದೆ. ಲಂಗ ಮೊಣಕಾಲು ದಾಟಿ ಇಳಿಯುತ್ತದೆ. ಎರಡನೆಯ ವರ್ಷ ಅದೇ ಬಟ್ಟೆ ಮೈಗೆ ಹೇಳಿ ಮಾಡಿಸಿದಂತಿರುತ್ತದೆ. ಮೂರನೆಯ ವರ್ಷ ಒಳಮಡಿಕೆ ಬಿಚ್ಚಿದರೆ ಮತ್ತೊಂದು ವರ್ಷ ಬರುತ್ತದೆ. ಶಾಲೆಯ ಬೀದಿಯಲ್ಲಿ ಬೇರೆ ಹೊಲಿಗೆ ಅಂಗಡಿಗಳಿದ್ದರೂ ತಾಯಂದಿರು ಇವರ ಬಾಗಿಲಿಗೇ ಬರುವುದು ಈ ಕಾರಣಕ್ಕೆ. ಮಕ್ಕಳು ಮಾತ್ರ ಕನ್ನಡಿಯ ಮುಂದೆ ನಿಂತು ಮುಖ ಊದಿಸಿಕೊಳ್ಳುತ್ತಾರೆ.

"ಆಂಟಿ, ಇದರೊಳಗೆ ನನ್ನ ತಮ್ಮನೂ ಹಿಡಿಸ್ತಾನೆ."

"ಹಿಡಿಸ್ಲಿ ಬಿಡು. ಬರೋ ವರ್ಷ ನೀನೊಬ್ಬನೇ ಹಿಡಿಸ್ತೀಯ."

ಅಂಗಡಿ ಎಂದರೆ ಒಂದೇ ಕೋಣೆ. ಬಾಗಿಲ ಬೆಳಕಿಗೆ ಹೊಲಿಗೆ ಯಂತ್ರ, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಹಿಂದೆ ಗೋಡೆಗೆ ಒತ್ತಿಕೊಂಡು ಇಸ್ತ್ರಿ ಮೇಜು. ಇಸ್ತ್ರಿ, ಕಾಜ, ಗುಂಡಿ ಎಲ್ಲ ಗಂಡನ ಪಾಲು. ಅವರು ಮಾತಾಡುವುದು ಕಡಿಮೆ. ಆಡಿದ್ದು ಸ್ವಲ್ಪ ಸುಡುತ್ತದೆ. ಒಬ್ಬಳೇ ಮಗಳಿಗೆ ಅಂಗಡಿಯಲ್ಲೂ ಮನೆಯಲ್ಲೂ ಬಾಬಿನ್ ಎಂದೇ ಹೆಸರು. ನಿಂತಲ್ಲಿ ನಿಲ್ಲದೆ ಹೊಲಿಗೆ ಯಂತ್ರದೊಳಗಿನ ದಾರದ ಉರುಳೆಯಂತೆ ಗಿರಗಿರ ಸುತ್ತುತ್ತಿದ್ದುದನ್ನು ಕಂಡು ಅಪ್ಪ ಇಟ್ಟ ಅಡ್ಡಹೆಸರು ಅದು. ಹನ್ನೊಂದು ವರ್ಷವಾದರೂ ಸುತ್ತುವುದು ನಿಂತಿಲ್ಲ, ಹೆಸರೂ ಬಿಟ್ಟಿಲ್ಲ.

ಈ ಬಾಬಿನ್ ಒಂದು ಸಂಜೆ ಒದ್ದೆ ಕೂದಲಲ್ಲಿ ಅಂಗಡಿಗೆ ಬಂದು, ತಾನು ಇನ್ನು ಮುಂದೆ ಈಜುಗಾರ್ತಿ ಎಂದು ಪ್ರಕಟಿಸಿದಳು. ಶಾಲೆಯವರು ಊರಿನ ಈಜುಕೊಳಕ್ಕೆ ಕರೆದುಕೊಂಡು ಹೋಗಿದ್ದರಂತೆ. ಅಲ್ಲಿಯ ಕೋಚ್ ನೋಡಿ, ಕ್ಲಬ್ಬಿಗೆ ಬಾ ಎಂದರಂತೆ. ಟೇಲರಮ್ಮ ಕಾಲಗಂಟು ಮುಳುಗುವಷ್ಟು ನೀರಿಗೆ ಯಾವತ್ತೂ ಇಳಿದವರಲ್ಲ. ಆದರೂ ಬೇಡ ಎನ್ನಲಿಲ್ಲ. ಅವರ ಮೊದಲ ಪ್ರಶ್ನೆ ಬೇರೆಯೇ ಇತ್ತು.

"ಬಟ್ಟೆ ಯಾವ ಥರದ್ದು?"

ಈಜುಡುಗೆಯನ್ನು ಅವರೇ ಹೊಲಿದರು. ಒಳ್ಳೆಯ ಹಿಗ್ಗುವ ಬಟ್ಟೆ, ಎರಡೆಳೆ ಹೊಲಿಗೆ, ಮೂರು ವರ್ಷ ಬೆಳೆದರೂ ಸಾಲುವಷ್ಟು ಸಡಿಲ, ಒಳಗೆ ಬಿಟ್ಟ ಬಟ್ಟೆ ಬೇರೆ. ಬಾಬಿನ್ ಅದನ್ನು ತೊಟ್ಟು ನೀರಿಗೆ ಹಾರಿದಳು. ಬಟ್ಟೆಯೊಳಗೆ ನೀರು ತುಂಬಿ ಬೆನ್ನ ಮೇಲೆ ದೊಡ್ಡ ಚೀಲದ ಹಾಗೆ ಉಬ್ಬಿತು. ಅವಳು ಆ ಚೀಲವನ್ನು ಎಳೆದುಕೊಂಡೇ ಆಚೆ ದಡ ತಲುಪಿದಳು. ದಡದಲ್ಲಿದ್ದ ಮಕ್ಕಳು ಆಮೆ, ಆಮೆ ಎಂದು ಕೂಗಿದರು. ಮರುದಿನ ಪೇಟೆಯಿಂದ ತಂದ ಈಜುಡುಗೆಯನ್ನು ಟೇಲರಮ್ಮ ಒಳಗು ಹೊರಗು ತಿರುವಿ ನೋಡಿ ಅಸಹ್ಯಪಟ್ಟುಕೊಂಡರು. "ಒಂದೆಳೆ ಬಿಟ್ಟಿಲ್ಲ ರೀ ಒಳಗೆ. ಮಗು ಬೆಳೆಯೋದೇ ಬೇಡ್ವಾ?"

"ನೀರಲ್ಲಿ ಈಜೋವಾಗ ಬೆಳೆಯಲ್ಲ ಕಣೆ" ಎಂದರು ಗಂಡ. "ಹೊರಗೆ ಬಂದ ಮೇಲೆ ಬೆಳೀತಾಳೆ."

ಕೋಚ್‌ಗೆ ಮಕ್ಕಳು ಇಟ್ಟ ಹೆಸರು ಸೀಟಿ ಸರ್. ಕೊರಳಲ್ಲಿ ಸದಾ ಸೀಟಿ. ಬೈಯುವುದಕ್ಕೂ ಸೀಟಿ, ಹೊಗಳುವುದಕ್ಕೂ ಸೀಟಿ. ಯಾವುದು ಯಾವುದೆಂದು ಮಕ್ಕಳಿಗೆ ಮಾತ್ರ ತಿಳಿಯುತ್ತಿತ್ತು. ಬಾಬಿನ್ ಬ್ಯಾಕ್‌ಸ್ಟ್ರೋಕ್‌ಗೆ ಹುಟ್ಟಿದವಳು ಎಂದು ಅವರು ಮೊದಲ ತಿಂಗಳಲ್ಲೇ ತೀರ್ಮಾನಿಸಿದರು. ಈ ಬಗೆಯ ಈಜಿನಲ್ಲಿ ಬೆನ್ನು ಕೆಳಗೆ, ಮುಖ ಮೇಲೆ. ಹೋಗುವ ದಿಕ್ಕು ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಗೋಡೆ ಇನ್ನು ಐದು ಮೀಟರ್ ಇದೆ ಎನ್ನುವಲ್ಲಿ ನೀರಿನ ಮೇಲೆ ಅಡ್ಡಡ್ಡಲಾಗಿ ಸಣ್ಣ ಬಾವುಟಗಳ ಹಗ್ಗ ಕಟ್ಟಿರುತ್ತಾರೆ. ಬಾವುಟ ತಲೆಯ ಮೇಲೆ ಹಾದು ಹೋಯಿತೆಂದರೆ ಎಣಿಸಲು ಶುರು. ಇಷ್ಟು ಸಲ ಕೈ ಬೀಸಿದರೆ ಗೋಡೆ ಎಂಬ ಲೆಕ್ಕ ಮೈಗೆ ಕೂತಿರಬೇಕು. ಆಗ ತಿರುಗಿ ನೋಡುವ ಅಗತ್ಯ ಇರುವುದಿಲ್ಲ. ನೋಡಿದರೆ ವೇಗ ಹೋಯಿತು.

ಬಾಬಿನ್ ತಿರುಗಿ ನೋಡುತ್ತಿದ್ದಳು. ಅದಕ್ಕೆ ಕಾರಣವೂ ಇತ್ತು. ಒಂದು ದಿನ ಹಳೆಯ ಬಾವುಟದ ಹಗ್ಗ ಗಾಳಿಗೆ ಹರಿದು ನೀರಿಗೆ ಬಿದ್ದಿತ್ತು. ಯಾರೂ ಗಮನಿಸಿರಲಿಲ್ಲ. ಅವಳು ಬಾವುಟಕ್ಕಾಗಿ ಕಾಯುತ್ತ ಕಾಯುತ್ತ ನೇರ ಹೋಗಿ ಗೋಡೆಗೆ ತಲೆ ಬಡಿದುಕೊಂಡಳು. ಬುಗುಟು ನಾಲ್ಕು ದಿನದಲ್ಲಿ ಇಳಿಯಿತು, ಭಯ ಇಳಿಯಲಿಲ್ಲ.

"ಗೋಡೆ ಎಲ್ಲಿಗೂ ಓಡಿ ಹೋಗಲ್ಲ ಕಣಮ್ಮ, ಅಲ್ಲೇ ಇರುತ್ತೆ" ಎಂದು ಸೀಟಿ ಸರ್ ಸಮಾಧಾನ ಹೇಳಿದರು.

"ಅದಕ್ಕೇ ಭಯ ಸರ್" ಎಂದಳು ಬಾಬಿನ್.

ಪಕ್ಕದ ಊರಿನ ಕೊಳದಲ್ಲಿ ಕ್ಲಬ್ಬುಗಳ ನಡುವಿನ ಸ್ಪರ್ಧೆ ಗೊತ್ತಾದಾಗ ಸರ್ ಒಂದು ಮಾತು ಹೇಳಿದರು. ಮಧ್ಯಾಹ್ನದ ರಿಲೇಯಲ್ಲಿ ನಾಲ್ವರು ಒಬ್ಬರಾದ ಮೇಲೆ ಒಬ್ಬರು ಈಜಬೇಕು. ಮೊದಲ ಪಾಳಿ ಬ್ಯಾಕ್‌ಸ್ಟ್ರೋಕ್‌ದು. ಬೆಳಗಿನ ಬ್ಯಾಕ್‌ಸ್ಟ್ರೋಕ್ ಓಟದಲ್ಲಿ ಬಾಬಿನ್ ಒಂದು ಸಲವೂ ತಿರುಗಿ ನೋಡದೆ ಈಜಿದರೆ ಆ ಜಾಗ ಅವಳದು. ನೋಡಿದರೆ ಅದೇ ಕ್ಲಬ್ಬಿನ, ಔಷಧದಂಗಡಿಯವರ ಅವಳಿ ಹೆಣ್ಣುಮಕ್ಕಳಲ್ಲಿ ದೊಡ್ಡವಳದು. ಬಾಬಿನ್ ಆ ರಾತ್ರಿ ಊಟ ಅರ್ಧಕ್ಕೇ ಬಿಟ್ಟೆದ್ದಳು.

ಮಗಳ ಭಯಕ್ಕೆ ಟೇಲರಮ್ಮನಿಗೆ ಗೊತ್ತಿದ್ದ ಮದ್ದು ಒಂದೇ, ಹೊಲಿಗೆ. ಜನ್ಮದಲ್ಲಿ ಹರಿಯದ ಬಾವುಟದ ಹಗ್ಗ ಮಾಡಿಕೊಡುತ್ತೇನೆ ಎಂದು ಸರ್‌ಗೆ ಹೇಳಿಬಂದರು. ಮೂಲೆಯಲ್ಲಿ ಬಿದ್ದಿದ್ದ ಯೂನಿಫಾರ್ಮು ಬಟ್ಟೆಯ ತುಂಡುಗಳನ್ನು ತ್ರಿಕೋನ ಕತ್ತರಿಸಿ, ಅಂಚು ಮಡಿಸಿ, ಹಗ್ಗಕ್ಕೆ ಸೇರಿಸಿ ಹೊಲಿದರು. ಕೊಳದ ಎರಡು ತುದಿಗೂ ಒಂದೊಂದು ಹಗ್ಗ. ಊರಿನ ಅಷ್ಟೂ ಶಾಲೆಗಳು ನೀರಿನ ಮೇಲೆ ಸಾಲಾಗಿ ತೂಗಾಡಿದವು. ಮಕ್ಕಳು ಬೆನ್ನ ಮೇಲೆ ತೇಲುತ್ತ ಕೈ ತೋರಿಸಿ ಕೂಗಿದರು: "ಅದು ನಮ್ಮ ಸ್ಕೂಲ್ ಚಡ್ಡಿ! ಅದು ನಿಮ್ಮ ಸ್ಕೂಲ್ ಲಂಗ!"

ಆ ಹಗ್ಗ ಕಟ್ಟುವ ಮುನ್ನ ಒಂದು ತೊಡಕು ಎದುರಾಗಿತ್ತು, ರಜೆಯಲ್ಲಿ ಕೊಳದ ಸುತ್ತ ಹೊಸ ಟೈಲ್ಸ್ ಹಾಕಿದ್ದರು. ಹಗ್ಗದ ಕಂಬಗಳು ನಿಲ್ಲಬೇಕಾದ ಹಳೆಯ ಗುರುತು ಅಳಿಸಿಹೋಗಿತ್ತು.

"ಗೋಡೆಯಿಂದ ಐದು ಮೀಟರ್ ಟೇಲರಮ್ಮ" ಎಂದರು ಸರ್. "ನಿಮ್ಮ ಕೊರಳಲ್ಲೇ ಟೇಪ್ ಇದೆಯಲ್ಲ, ನೀವೇ ಗುರುತು ಹಾಕಿಬಿಡಿ." ಅಷ್ಟರಲ್ಲಿ ಯಾರೋ ಒದ್ದೆ ನೆಲದ ಮೇಲೆ ಓಡಿದರು. ಸರ್ ಸೀಟಿ ಊದುತ್ತ ಅತ್ತ ಹೋದರು.

ಟೇಲರಮ್ಮ ಮಂಡಿಯೂರಿ ಕೂತು ನಾಲ್ಕೂ ಮೂಲೆ ಅಳೆದು ಹೊಲಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಸಂಜೆ ಸರ್ ಅದರ ಮೇಲೆ ಕೆಂಪು ಬಣ್ಣ ಬಳಿದರು. ಸಿಮೆಂಟು ತುಂಬಿದ ಡಬ್ಬಗಳಲ್ಲಿ ನೆಟ್ಟ ಕಂಬಗಳು ಕೆಂಪು ಗೆರೆಯ ಮೇಲೆ ನಿಂತವು.

ಮರುದಿನದಿಂದ ಒಂದು ವಿಚಿತ್ರ ಕಾಣಿಸಿಕೊಂಡಿತು. ಬಾವುಟದಿಂದ ಗೋಡೆಗೆ ಐದು ಕೈ ಬೀಸುತ್ತಿದ್ದ ಮಕ್ಕಳಿಗೆಲ್ಲ ಆರು ಕೈ ಬೇಕಾಯಿತು. ಸೀಟಿ ಸರ್ ಕೆಂಡವಾದರು. "ರಜೆಯಲ್ಲಿ ತಿಂದು ತಿಂದು ದಪ್ಪ ಆಗಿದೀರ! ಐದಕ್ಕೆ ಬರ್ತಿದ್ದೋರು ಆರಕ್ಕೆ ಬರ್ತಿದೀರಲ್ಲ!" ಎಂದು ಎಲ್ಲರಿಗೂ ದಿನಾ ಹೆಚ್ಚುವರಿ ಕಾಲು ಬಡಿಯುವ ಶಿಕ್ಷೆ ಕೊಟ್ಟರು. ಮಕ್ಕಳು ಬಡಿದರು. ಆರು ಆರೇ ಆಗಿ ಉಳಿಯಿತು. ಕಡೆಗೆ ಸರ್ ಕೈಚೆಲ್ಲಿ, "ಸರಿ, ಆರೇ ಎಣಿಸಿ" ಎಂದರು.

ಆರು ಎನ್ನುವುದು ಬಾಬಿನ್ನಳ ಮೈಗೆ ಕೂರಿಸುವ ಕೆಲಸ ಅಂಗಡಿಯಲ್ಲಿ ನಡೆಯಿತು. ಗಿರಾಕಿಗಳು ಇಲ್ಲದ ಹೊತ್ತಿನಲ್ಲಿ ಅವಳು ಕತ್ತರಿಸುವ ಮೇಜಿನ ಮೇಲೆ ಬಟ್ಟೆ ತುಂಡುಗಳ ನಡುವೆ ಅಂಗಾತ ಮಲಗುತ್ತಿದ್ದಳು. ಫ್ಯಾನಿಗೆ ಕಟ್ಟಿದ ಒಂದು ಚಿಂದಿಯೇ ಬಾವುಟ. ತಲೆಯ ಹಿಂದೆ ಅಮ್ಮನ ಅಂಗೈಯೇ ಗೋಡೆ. ಒಂದು, ಎರಡು ಎಂದು ಕೈ ಬೀಸಿ ಆರಕ್ಕೆ ಅಂಗೈ ಮುಟ್ಟಬೇಕು. ಅಮ್ಮ ಮೊದಮೊದಲು ಅಂಗೈಯನ್ನು ತಾವಾಗಿಯೇ ಮುಂದೆ ತರುತ್ತಿದ್ದರು.

"ಅಮ್ಮಾ, ಗೋಡೆ ಅಲುಗಾಡ್ತಿದೆ!"

"ಗೋಡೆಗೆ ಮಗಳ ಮೇಲೆ ಮಮತೆ" ಎಂದರು ಇಸ್ತ್ರಿಯ ಹಬೆಯ ಆಚೆಯಿಂದ ಅಪ್ಪ. "ಬೆವರ್ತಾ ಬೇರೆ ಇದೆ ನೋಡು."

ಕೊಳದಲ್ಲಿ ಮೊದಲ ವಾರ ಬಾಬಿನ್ ಪೂರ್ತಿ ತಿರುಗಿ ನೋಡಿದಳು. ಎರಡನೆಯ ವಾರ ಓರೆಗಣ್ಣಲ್ಲಿ ನೋಡಿದಳು. ಆಮೇಲೆ ಒಂದು ದಿನ ಆರನೆಯ ಕೈ ಸೀದಾ ಹೋಗಿ ಗೋಡೆ ಮುಟ್ಟಿತು. ಅವಳು ನೀರಿನಿಂದ ತಲೆ ಎತ್ತಿ, ಯಾರಾದರೂ ನೋಡಿದರೇ ಎಂದು ಸುತ್ತ ಹುಡುಕಿದಳು. ಸೀಟಿ ಉದ್ದಕ್ಕೆ ಕೂಗಿತು. ಅದು ಹೊಗಳಿಕೆಯ ಸೀಟಿ ಎಂದು ಅವತ್ತು ಟೇಲರಮ್ಮನಿಗೂ ತಿಳಿಯಿತು.

ಸ್ಪರ್ಧೆಯ ದಿನ ಅಂಗಡಿ ಮುಚ್ಚಿ ಮೂವರೂ ಹೊರಟರು. ಪಕ್ಕದ ಊರಿನ ಕೊಳದ ಕಟ್ಟೆಯ ಮೇಲೆ ತಂದೆತಾಯಿಗಳು ಒಣಟವೆಲು, ಬಾಳೆಹಣ್ಣು, ಬೇಯಿಸಿದ ಮೊಟ್ಟೆಗಳ ಡಬ್ಬಿ ಹಿಡಿದು ಕೂತಿದ್ದರು. ಟೇಲರಮ್ಮನ ಕೊರಳಲ್ಲಿ ಟೇಪ್ ಹಾಗೇ ಇತ್ತು. ತೆಗೆದಿಡಲು ಅವರಿಗೆ ನೆನಪಾಗುವುದೇ ಇಲ್ಲ. ಪಕ್ಕದಲ್ಲಿ ಅವಳಿಗಳ ಅಪ್ಪ, ಔಷಧದಂಗಡಿಯವರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು.

ಬ್ಯಾಕ್‌ಸ್ಟ್ರೋಕ್ ಓಟ ತಂಡ ತಂಡವಾಗಿ ನಡೆಯಿತು, ಮೊದಲ ತಂಡದಲ್ಲಿ ಅವಳಿಗಳಲ್ಲಿ ಚಿಕ್ಕವಳಿದ್ದಳು. ಚೆನ್ನಾಗಿಯೇ ಬಂದಳು. ಬಾವುಟ ದಾಟಿ ಎಣಿಸಿದಳು. ಆರನೆಯ ಕೈ ಇನ್ನೂ ಗಾಳಿಯಲ್ಲಿರುವಾಗಲೇ ಧಡ್ ಎಂದಿತು. ಅವಳ ತಲೆ ಗೋಡೆಗೆ ತಾಗಿತ್ತು. ಅಪ್ಪ ಪೆಟ್ಟಿಗೆ ಎತ್ತಿಕೊಂಡು ಓಡಿದರು. ಎರಡನೆಯ ತಂಡದಲ್ಲಿ ದೊಡ್ಡವಳು. ಅದೇ ಆರನೆಯ ಕೈ, ಅದೇ ಧಡ್. ಅಪ್ಪ ಪೆಟ್ಟಿಗೆಯನ್ನು ಮುಚ್ಚಿಯೇ ಇರಲಿಲ್ಲ. ಮೂರನೆಯ ತಂಡದಲ್ಲಿ ಅದೇ ಕ್ಲಬ್ಬಿನ ಇನ್ನೊಂದು ಹುಡುಗಿಗೂ ಹಾಗೇ ಆಯಿತು. ಬೇರೆ ಕ್ಲಬ್ಬುಗಳ ಮಕ್ಕಳೆಲ್ಲ ಬೆಣ್ಣೆಯಂತೆ ಗೋಡೆ ಮುಟ್ಟಿ ತಿರುಗುತ್ತಿದ್ದರು.

"ಯಾವ ಕ್ಲಬ್ಬಪ್ಪಾ ಇದು?" ಹಿಂದಿನ ಸಾಲಿನಿಂದ ಯಾರೋ ಕೇಳಿದರು. "ಈಜೋಕೆ ಬಂದಿದಾರೋ, ಗೋಡೆ ಕೆಡವೋಕೋ?"

ಟೇಲರಮ್ಮ ತಲೆಯೆತ್ತಿ ಬಾವುಟಗಳನ್ನು ನೋಡಿದರು. ಅವರ ಕಣ್ಣಿಗೆ ತಪ್ಪು ತಟ್ಟನೆ ಹೊಳೆಯಿತು. ಈ ಊರಿನವರು ಕಂಬಗಳನ್ನು ಗೋಡೆಯ ಹತ್ತಿರಕ್ಕೆ ತಂದು ನಿಲ್ಲಿಸಿದ್ದಾರೆ. ಸೆರಗು ಸಿಕ್ಕಿಸಿ ಸೀದಾ ಕೊಳದ ಅಂಚಿಗೆ ನಡೆದರು. ಹಿಂದೆ ಗಂಡ. ಬಿಳಿ ಟೋಪಿಯ ರೆಫರಿ ಮೇಡಂ ಅಡ್ಡ ಬಂದರು.

"ಅಮ್ಮಾ, ಇಲ್ಲಿ ನಿಲ್ಲೋ ಹಾಗಿಲ್ಲ."

"ನಿಲ್ಲಲ್ಲ ಮೇಡಂ, ಕೂತ್ಕೋತೀನಿ. ನಿಮ್ಮ ಕಂಬ ತಪ್ಪಾಗಿದೆ. ನಮ್ಮ ಮಕ್ಕಳ ತಲೆ ಚಿಪ್ಪು ಒಡೀತಿದೆ."

ಮೇಡಂ ಅವರ ಕೊರಳ ಟೇಪನ್ನು ನೋಡಿದರು. ಮುಂದಿನ ತಂಡಕ್ಕೆ ಇನ್ನೂ ಸ್ವಲ್ಪ ಸಮಯವಿತ್ತು. "ಸರಿ, ಅಳೀರಿ. ನನ್ನ ಮುಂದೇನೇ ಅಳೀರಿ."

ಟೇಲರಮ್ಮ ಮಂಡಿಯೂರಿ ಟೇಪ್ ಹಾಸಿದರು.

"ಗೋಡೆಗೆ ಹಚ್ಚಿ ಹಿಡೀರಿ ಅಮ್ಮ. ಒಂದು ಗೇಣು ಬಿಟ್ಟು ಯಾಕೆ ಶುರು ಮಾಡಿದ್ರಿ?"

"ಬಿಟ್ಟೆನಾ?" ಟೇಲರಮ್ಮ ಟೇಪನ್ನು ಗೋಡೆಗೆ ಹಚ್ಚಿದರು. ಅದನ್ನೇ ಎತ್ತಿ ಎತ್ತಿ ಮುಂದಕ್ಕೆ ಹಾಸುತ್ತ ಹೋದರು. ಐದು ಮೀಟರ್ ಕರಾರುವಾಕ್ಕಾಗಿ ಕಂಬದ ಬುಡಕ್ಕೆ ಬಂತು. ಅವರ ಬಲಗೈ ಮಾತ್ರ ಅಲ್ಲಿ ನಿಲ್ಲಲಿಲ್ಲ. ಹೆಬ್ಬೆರಳು ಕಂಬದ ಬುಡದಲ್ಲಿ, ಕಿರುಬೆರಳು ಮುಂದಕ್ಕೆ ಚಾಚಿ, ಒಂದು ಗೇಣು ಆಚೆಗೆ ಹೋಗಿ ಉಗುರಿನಿಂದ ಗೆರೆ ಗೀರಿತು.

"ಏನೇ ಅದು?" ಎಂದರು ಗಂಡ.

"ಯಾವುದು?"

"ನಿನ್ನ ಕೈ. ಕೈ ನೋಡ್ಕೋ."

ಟೇಲರಮ್ಮ ತಮ್ಮ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದರು. ಬಟ್ಟೆಯ ಮೇಲೆ ಅಷ್ಟು ವರ್ಷ ದಿನಾ ಮಾಡಿದ್ದನ್ನೇ ಅದು ಮಾಡಿತ್ತು. ಮೇಲೊಂದಿಷ್ಟು, ಕೆಳಗೊಂದಿಷ್ಟು ಬಿಡುವುದು. ಬಟ್ಟೆಗಾದರೆ ಎರಡು ಬೆರಳು. ನೆಲದ ಮೇಲೆ ಅಳತೆ ದೊಡ್ಡದು, ಅದಕ್ಕೆ ತಕ್ಕಂತೆ ಗೇಣು. ತಮ್ಮ ಊರಿನ ಕೊಳದ ನಾಲ್ಕು ಮೂಲೆಯಲ್ಲೂ ಈ ಕೈ ಇದನ್ನೇ ಮಾಡಿರಬೇಕು. ಎರಡು ಬದಿಗೆ ಎರಡು ಗೇಣು ಸೇರಿ ಒಂದು ಮೊಳ, ಅದೇ ಆ ಆರನೆಯ ಕೈ.

"ಕೊಳಕ್ಕೂ ಒಳಗೆ ಬಿಟ್ಯಾ?" ಎಂದರು ಗಂಡ. "ಬೆಳೆಯುತ್ತೆ ಅಂತ?"

ರೆಫರಿ ಮೇಡಂ ನಗು ತಡೆಯಲಾರದೆ ಮುಖ ಆಚೆ ತಿರುಗಿಸಿದರು. ಟೇಲರಮ್ಮ ನಗಲಿಲ್ಲ. ಆಚೆ ಬದಿಯ ಬೆಂಚಿನ ಮೇಲೆ ನೀಲಿ ಟೋಪಿ ಹಾಕಿಕೊಂಡು ಬಾಬಿನ್ ತನ್ನ ತಂಡಕ್ಕೆ ಕಾಯುತ್ತಿದ್ದಳು. ನೀರಿನ ಕಡೆ ಕಣ್ಣೆತ್ತದೆ, ಬೆರಳಲ್ಲಿ ತೊಡೆಯ ಮೇಲೆ ತಟ್ಟುತ್ತ ಏನೋ ಎಣಿಸುತ್ತಿದ್ದಳು. ಎಲ್ಲಿಯವರೆಗೆ ಎಣಿಸುತ್ತಿದ್ದಾಳೆಂದು ಅಮ್ಮನಿಗೆ ಗೊತ್ತಿತ್ತು.

ಸೀಟಿ ಸರ್‌ಗೆ ವಿಷಯ ಹೇಳಿದಾಗ ಅವರ ಬಾಯಿಂದ ಸೀಟಿ ಜಾರಿ ಬಿತ್ತು.

"ಹಾಗಾದ್ರೆ ಮಕ್ಕಳು ದಪ್ಪ ಆಗಿರ್ಲಿಲ್ಲ."

"ಇಲ್ಲ ಸರ್."

"ನಾನು ಸುಮ್ಮನೆ ಕಾಲು ಬಡಿಸ್ದೆ."

"ಹೂಂ ಸರ್."

ಸರ್ ಕೊಳದ ಕಡೆ ನೋಡಿದರು. "ಈಗ ಹೇಳಿದ್ರೆ ಅವಳ ಲೆಕ್ಕ ಕೆಡುತ್ತೆ, ತಿರುಗಿ ನೋಡ್ತಾಳೆ. ಹೇಳದೇ ಇದ್ರೆ ತಲೆ ಹೋಗುತ್ತೆ. ಒಂದು ಸಲ ತಲೆ ಬಡಿಸ್ಕೊಂಡೇ ಇಷ್ಟು ದಿನ ಹಿಡೀತು. ಇನ್ನೊಂದು ಸಲ ಅಂದ್ರೆ ಆ ಮಗು ಬೆನ್ನ ಮೇಲೆ ಮಲಗೋದೇ ಇಲ್ಲ." ಆಮೇಲೆ ದನಿ ತಗ್ಗಿಸಿದರು. "ಇವತ್ತು ನೋಡಿದ್ರೂ ನಾನು ಬೈಯಲ್ಲ ಟೇಲರಮ್ಮ. ಆದ್ರೆ ರಿಲೇಗೆ ಹಾಕಕ್ಕಾಗಲ್ಲ. ಉಳಿದ ಮೂವರ ಕಷ್ಟಾನೂ ಅದರಲ್ಲಿದೆ."

"ಹೇಳೋದು ಏನಂತ, ಅದನ್ನ ಹೇಳಿ ಸರ್."

"ಐದನೇ ಕೈ ತಲೆ ಮೇಲೆ ಹೋದಾಗ ಎಳೆಯೋದು ಬೇಡ. ಹಾಗೇ ನೀಡಿಟ್ಕೊಂಡು ಕಾಲು ಬಡೀಲಿ. ಗೋಡೆ ಬಂದು ಕೈಗೆ ಸಿಗುತ್ತೆ."

ಬಾಬಿನ್ ಇದ್ದ ಬೆಂಚಿಗೆ ಹೋಗುವ ದಾರಿಯಲ್ಲಿ ಔಷಧದಂಗಡಿಯವರು ಇಬ್ಬರು ಮಕ್ಕಳ ತಲೆಗೂ ಮಂಜುಗಡ್ಡೆಯ ಚೀಲ ಒತ್ತಿಕೊಂಡು ಕೂತಿದ್ದರು. ಟೇಲರಮ್ಮ ನಿಂತು, ಇದು ತಮ್ಮ ಕೈಯಿಂದ ಆದದ್ದು ಎಂದು ಇದ್ದುದನ್ನು ಇದ್ದ ಹಾಗೆ ಹೇಳಿದರು.

"ಬಿಡಿ ಟೇಲರಮ್ಮ, ಸಣ್ಣ ಬುಗುಟು" ಎಂದರು ಅವರು. "ಒಬ್ಬಳಿಗೆ ಮಾತ್ರ ಆಗಿದ್ರೆ ಗುರುತು ಹಿಡಿಯೋಕಾದ್ರೂ ಆಗ್ತಿತ್ತು."

ಬಾಬಿನ್ ಅಮ್ಮ ಬರುವುದನ್ನು ಕಂಡು ಎದ್ದು ನಿಂತಳು. "ನೀನ್ಯಾಕೆ ಬಂದೆ? ಇಲ್ಲಿ ಅಮ್ಮಂದಿರು ಬರಬಾರದು."

"ಆರಲ್ಲ ಕಣೆ. ಐದು."

"ಏನು ಐದು?"

ಟೇಲರಮ್ಮ ಒಂದೇ ಉಸಿರಲ್ಲಿ ಎಲ್ಲ ಹೇಳಿದರು. ಕೆಂಪು ಗೆರೆ, ಗೇಣು, ಎರಡು ಗೇಣು, ಐದನೆಯ ಕೈ. ಬಾಬಿನ್ನಳ ಮುಖ ಕೆಂಪಾಯಿತು.

"ಅಮ್ಮಾ! ಈಗ ಬಂದು ಹೇಳ್ತಿದೀಯಲ್ಲ! ನಾನು ಆರು ಅಂತ ಎಷ್ಟು ಸಲ... ನಿದ್ದೇಲೂ ಆರೇ ಬರುತ್ತೆ ನಂಗೆ!"

"ಗೊತ್ತು ಕಣೆ."

"ಮೊದಲು ಆ ಆಮೆ ಡ್ರೆಸ್ಸು. ಈಗ ಇದು."

"ಗೊತ್ತು."

ಮುಂದಿನ ತಂಡ ಸಾಲಿಗೆ ಬರಬೇಕೆಂದು ಯಾರೋ ಕೂಗಿದರು. ಬಾಬಿನ್ ಈಜಿನ ಕನ್ನಡಕವನ್ನು ಕಣ್ಣಿಗೇರಿಸಿ, ಮತ್ತೆ ಹಣೆಗೆ ಸರಿಸಿದಳು.

"ಇಲ್ಲಿಯ ಬಾವುಟ ಸರಿ ಇದೆಯಾ?"

"ಸರಿ ಇದೆ. ಈಗಷ್ಟೇ ಅಳೆದೆ."

"ನೀನು ಅಳೆದ್ಯಾ?" ಅವಳ ದನಿಯಲ್ಲಿ ಗಾಬರಿಯಿತ್ತು.

"ಗೋಡೆಗೆ ಹಚ್ಚಿ ಅಳೆದೆ ಕಣೆ. ಆ ಮೇಡಂ ನಿಂತು ನೋಡಿದ್ರು. ನಿಮ್ಮಪ್ಪ ನೋಡಿದ್ರು."

"ಅಪ್ಪ ನೋಡಿದ್ರಾ?"

"ನೋಡಿದ್ರು."

"ಒಳಗೆ ಏನೂ ಬಿಟ್ಟಿಲ್ಲ ತಾನೆ?"

"ಒಂದೆಳೆ ಬಿಟ್ಟಿಲ್ಲ."

ಬಾಬಿನ್ ಕನ್ನಡಕ ಇಳಿಸಿಕೊಂಡು ಸಾಲಿಗೆ ಹೋದಳು. ತೊಡೆಯ ಮೇಲೆ ಬೆರಳು ತಟ್ಟುವುದು ಮತ್ತೆ ಶುರುವಾಗಿತ್ತು. ಈಗ ಎಷ್ಟಕ್ಕೆ ನಿಲ್ಲುತ್ತಿದೆ ಎಂದು ಹಿಂದಿನಿಂದ ಕಾಣುತ್ತಿರಲಿಲ್ಲ.

ಎರಡು ಉದ್ದದ ಓಟ ಅದು, ಹೋಗಿ ಬರಬೇಕು. ಮೊದಲ ಉದ್ದದಲ್ಲಿ ಬಾಬಿನ್ ಎರಡನೆಯವಳಾಗಿ ಬಾವುಟ ದಾಟಿದಳು. ಐದನೆಯ ಕೈ ತಲೆಯ ಮೇಲೆ ನೀಡಿ ನಿಂತಿತು. ಕಾಲು ನೊರೆ ಎಬ್ಬಿಸುತ್ತಿತ್ತು. ಆ ಕ್ಷಣದಲ್ಲಿ ಪಕ್ಕದ ಇಬ್ಬರು ಅವಳನ್ನು ಹಿಂದೆ ಹಾಕಿದರು. ಬೆರಳು ಗೋಡೆಗೆ ತಾಗಿತು, ಅವಳು ತಿರುಗಿ ಹೊರಟಳು. ತಲೆ ಅಲುಗಿರಲಿಲ್ಲ.

ಅಲ್ಲಿಯವರೆಗೆ ನೋಡುವುದಕ್ಕೆ ಟೇಲರಮ್ಮನ ಧೈರ್ಯ ಸಾಕಾಯಿತು. ವಾಪಸು ಬರುವಾಗ ಅವರು ಟೇಪಿನ ತುದಿಯನ್ನು ಹಲ್ಲಲ್ಲಿ ಕಚ್ಚಿ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

"ರೀ, ಬಾವುಟ ಬಂತಾ?"

"ಬಂತು."

"ತಿರುಗಿದ್ಲಾ?"

ಗಂಡ ಕೊರಳು ಚಾಚಿ ನೀರಿನತ್ತ ನೋಡುತ್ತಿದ್ದರು.

"ರೀ, ನಿಮ್ಮನ್ನೇ. ತಿರುಗಿದ್ಲಾ?"

"ಸುಮ್ನಿರೇ. ಕೈ ನೀಡಿದಾಳೆ. ನೀಡೇ ಇದಾಳೆ..." ಅವರು ಎದ್ದು ನಿಂತಿದ್ದರು. "ಎಲ್ಲಿ ಈ ಗೋಡೆ... ಹಾಂ. ಮುಟ್ಟಿದ್ಲು."

ನಾಲ್ಕನೆಯವಳು. ಸುತ್ತ ಚಪ್ಪಾಳೆಯಾಗುತ್ತಿದ್ದುದು ಮೊದಲು ಬಂದವಳಿಗೆ. ಬಾಬಿನ್ ನೀರಿನಿಂದ ಹತ್ತಿ, ಟವೆಲು ಕೇಳುವುದನ್ನೂ ಮರೆತು, ನೀರು ಸುರಿಸುತ್ತ ಕಟ್ಟೆಯ ಬಳಿಗೆ ಬಂದಳು.

"ನೋಡ್ದ್ಯಾ ಅಮ್ಮ?"

"ಇಲ್ಲ ಕಣೆ" ಎಂದರು ಟೇಲರಮ್ಮ. "ಆಗ್ಲಿಲ್ಲ."

"ನಾನೂ ನೋಡ್ಲಿಲ್ಲ" ಎಂದಳು ಬಾಬಿನ್.

ಸೀಟಿ ಸರ್ ದೂರದಿಂದಲೇ ಕೂಗಿ ಹೇಳಿದರು. "ಏಯ್, ಹೊಟ್ಟೆ ಬಿರಿಯ ಊಟ ಮಾಡ್ಬೇಡ. ಮಧ್ಯಾಹ್ನ ಮೊದಲ ಪಾಳಿ ನಿಂದು. ಮತ್ತೆ, ಐದನೇ ಕೈ ಅಷ್ಟು ಹೊತ್ತು ನೀಡ್ಕೊಂಡು ಇರೋದಲ್ಲ, ಜೋರಾಗಿ ಕಾಲು ಬಡೀಬೇಕು. ಇಷ್ಟು ದಿನ ಬಡಿಸಿದೀನಲ್ಲ, ಅದು ಎಲ್ಲಿ ಹೋಯ್ತು?"

ಬಾಬಿನ್ ಅಮ್ಮನ ಕಡೆ ತಿರುಗಿದಳು. "ಮಧ್ಯಾಹ್ನ ನೀನು ನೋಡ್ಬೇಕು. ಅಪ್ಪನ್ನ ಕೇಳ್ಕೊಂಡು ಕೂರೋದಲ್ಲ."

"ನೋಡ್ತೀನಿ."

"ಕಣ್ಣು ಬಿಟ್ಟು."

"ಕಣ್ಣು ಬಿಟ್ಟೇ ನೋಡ್ತೀನಿ ಮಾರಾಯ್ತಿ, ಮೊದಲು ತಲೆ ಒರೆಸ್ಕೋ."

ಮಧ್ಯಾಹ್ನ ರಿಲೇಯ ಮೊದಲ ಪಾಳಿಯ ಮಕ್ಕಳನ್ನು ನೀರಿಗಿಳಿಸಿದರು. ಬಾಬಿನ್ ಗೋಡೆಯ ಸರಳು ಹಿಡಿದು ಮೈ ಮುದುರಿಕೊಂಡಳು. ಕಟ್ಟೆಯ ಮೊದಲ ಸಾಲಿನಲ್ಲಿ ಟೇಲರಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ಆ ಕೈಗಳ ಮೇಲೆ ಪೂರ್ತಿ ಭಾರ ಬಿಟ್ಟು ಕೂತಿದ್ದರು. ಸೀಟಿ ಕೂಗಿತು.